ಬೆಳ್ಳಿಯ ಹಡಗು

ಮಂಗಳವಾರ ಬೆಳಗ್ಗೆ 10.20ಕ್ಕೆ ಠಾಣೆಗೆ ಬಂದ ನಾಣ್ಯದಂಗಡಿ ಯಜಮಾನರ ಮುಖದಲ್ಲಿ ರಕ್ತವೇ ಇರಲಿಲ್ಲ. ಯುದ್ಧಕಾಲದ ಹಳೆಯ ಅಂಚೆಚೀಟಿಗಳ ಮಾದರಿಯಲ್ಲಿ ಟಂಕಿಸಿದ ಆರು ಬೆಳ್ಳಿ ನಾಣ್ಯಗಳ ಸೆಟ್ಟು ಅವರದು. ಚೀಟಿಯಂತೆಯೇ ಆಯತಾಕಾರ, ಅಂಚಿಗೆ ಚೀಟಿಯದೇ ಹಲ್ಲು. ಅದರಲ್ಲಿ ಹಡಗಿನ ಚಿತ್ರದ್ದು ಮಾಯವಾಗಿತ್ತು. ಒಂದು ನಾಣ್ಯಕ್ಕೆ ಇಷ್ಟು ಗೋಳೇ ಎಂದು ಒಳಗೊಳಗೇ ಅನ್ನಿಸಿದರೂ ಇನ್ಸ್‌ಪೆಕ್ಟರಮ್ಮ ಎಫ್‌ಐಆರ್ ದಾಖಲಿಸಿದರು.

11.15ಕ್ಕೆ ಅಂಗಡಿಯ ಪರಿಶೀಲನೆ. ಬೀಗ ಒಡೆದಿರಲಿಲ್ಲ. ಉಳಿದ ಐದು ನಾಣ್ಯಗಳು ತಮ್ಮ ತಮ್ಮ ಡಬ್ಬಿಯಲ್ಲೇ ಇದ್ದವು. ಹೆಡ್ ಕಾನ್‌ಸ್ಟೇಬಲ್ ಭೂತಗನ್ನಡಿ ಹಿಡಿದು ವಿಮಾನದ ನಾಣ್ಯ ತೋರಿಸಿದರು. ಅಂಚಿನ ಹತ್ತಿರ ಮುಂದೊಂದು, ಹಿಂದೊಂದು ಸಣ್ಣ ಗೀರು.

ಯಜಮಾನರು ತಲೆ ಚಚ್ಚಿಕೊಂಡರು. "ಅಯ್ಯೋ, ಚಿಮಟ ಹಾಕಿದಾನಲ್ಲ ಪಾಪಿ!"

"ನೀವು ಹಾಕಲ್ವಾ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ದೇವರಾಣೆ ಇಲ್ಲ. ನಾವು ಬೆರಳಲ್ಲಿ ಅಂಚು ಹಿಡಿಯೋರು."

"ಮತ್ತೆ ಯಾರು ಹಾಕ್ತಾರೆ?"

"ಅಂಚೆಚೀಟಿ ಕೂಡಿಸೋರು..."

"ನಿನ್ನೆ ಅಂಥವರು ಯಾರು ಬಂದಿದ್ರು?"

"ಚೀಟಿ ಮೇಷ್ಟ್ರು. ಮೂವತ್ತು ವರ್ಷದ ಗಿರಾಕಿ. ಹಡಗಿನ ನಾಣ್ಯ ಒಂದು ದಿನದ ಮಟ್ಟಿಗೆ ಕೊಡಪ್ಪ ಅಂದ್ರು. ಮಾರಾಟ ಆಗಿರೋ ಸೆಟ್ಟು, ಕೈ ತಾಗಿದ್ರೆ ಕೆಟ್ಟೋಗುತ್ತೆ, ಆಗಲ್ಲ ಅಂದೆ. ಅಷ್ಟರಲ್ಲಿ ಫೋನ್ ಬಂತು, ಒಳಗೆ ಹೋದೆ."

ಕಣ್ಣು ಮಂಜಾದ ಮೇಷ್ಟ್ರು ಮೊದಲು ತಪ್ಪಾಗಿ ವಿಮಾನವನ್ನು ಎತ್ತಿದ್ದರು, ಚಿಮಟದಿಂದ. ಹಳೆಯ ಅಭ್ಯಾಸ ಹಿಡಿದುಕೊಟ್ಟಿತ್ತು.

ಮೇಷ್ಟ್ರ ಮನೆಗೆ ಬೀಗ. ಅವರ ಅಕ್ಕನಿಗೆ ಕಾಯಿಲೆ ಜಾಸ್ತಿಯಾಗಿದೆ, ಆಸ್ಪತ್ರೆಯಲ್ಲಿದ್ದಾರೆ ಎಂದರು ಪಕ್ಕದ ಮನೆಯವರು. 1.40ಕ್ಕೆ ಪೊಲೀಸರಿಬ್ಬರೂ ವಾರ್ಡಿನ ಬಾಗಿಲು ಮುಟ್ಟಿದರು. ಎಂಬತ್ತರ ಮೇಷ್ಟ್ರು, ಕಣ್ಣು ಕಾಣದ ಅಕ್ಕನ ಬೆರಳು ಹಿಡಿದು ನಾಣ್ಯದ ಮೇಲೆ ಆಡಿಸುತ್ತಿದ್ದರು.

"ಎರಡು ಚಿಮಣಿ... ಇದೇ ಕಣೋ! ಅಪ್ಪ ಯುದ್ಧದಿಂದ ಬರೆದಿದ್ದು ಒಂದೇ ಕಾಗದ. ನೀನು ಅಳ್ತಿದ್ದೆ ಅಂತ ಅದರ ಮೇಲಿನ ಚೀಟಿ ಬಿಡಿಸಿ ಕೊಟ್ಟಿದ್ದೆ. ಅದನ್ನ ಬೆಳ್ಳೀಲಿ ಮಾಡಿಸಿ ಇಟ್ಟಿದೀಯಲ್ಲೋ. ಇನ್ನೇನು ಬೇಕು ನಂಗೆ?"

ಹೆಡ್ ಕಾನ್‌ಸ್ಟೇಬಲ್ ಮುಂದೆ ಹೆಜ್ಜೆ ಇಟ್ಟರು. ಇನ್ಸ್‌ಪೆಕ್ಟರಮ್ಮ ತೋಳು ಹಿಡಿದು ನಿಲ್ಲಿಸಿದರು.

"ಯಾರೋ ಅದು ಬಾಗಿಲಲ್ಲಿ?"

"ನನ್ನ ಕರ್ಕೊಂಡು ಹೋಗೋಕೆ ಬಂದೋರು, ಅಕ್ಕ."

"ನಿಂತೇ ಇದಾರಲ್ಲ. ಕೂತ್ಕೊಳ್ಳೋಕೆ ಹೇಳೋ."

ಕೂತರು. ಅಕ್ಕನ ಬೆರಳು ಅಂಚಿನ ಹಲ್ಲುಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋಯಿತು. ಕೊನೆಗೆ ನಿದ್ದೆ ಹತ್ತಿತು.

2.30ಕ್ಕೆ ಹೊರಗಿನ ಬೆಂಚಿನ ಬಳಿ, ನರ್ಸ್ ಮತ್ತು ಪಕ್ಕದ ಹಾಸಿಗೆಯವರ ಅಳಿಯನ ಸಮ್ಮುಖದಲ್ಲಿ ಪಂಚನಾಮೆ ಆಯಿತು. ನಾಣ್ಯ ಜಪ್ತಿಯಾಯಿತು, ಮೇಷ್ಟ್ರನ್ನು ಬಂಧಿಸಲಾಯಿತು.

"ಆ ಚೀಟಿ ಏನಾಯ್ತು?"

"ಒಂಬತ್ತನೇ ವಯಸ್ಸಲ್ಲಿ ಗಿಳಿ ಚಿತ್ರದ ಚೀಟಿಗೆ ಬದಲಾಯಿಸ್ಕೊಂಡುಬಿಟ್ಟೆ. ಅವಳಿಗೆ ಹೇಳ್ಲೇ ಇಲ್ಲ. ಹೊಟ್ಟೆ ಬಟ್ಟೆ ಕಟ್ಟಿ ನನ್ನ ಓದಿಸಿದೋಳಮ್ಮ ಅವಳು, ಒಂದು ದಿನ ಏನೂ ಕೇಳಿದೋಳಲ್ಲ. ಮೊನ್ನೆ, ಆ ಚೀಟಿ ಒಂದ್ಸಲ ಕೈಗೆ ಕೊಡು ಅಂದ್ಲು. ಕಾಗದದ್ದು ಸಿಕ್ಕಿದ್ರೂ ಅವಳ ಬೆರಳಿಗೆ ಹಡಗು ಎಲ್ಲಿ ತಾಗುತ್ತೆ?"

ಸಹಿ ಹಾಕಿ ಮೇಷ್ಟ್ರು ಕೈ ಮುಗಿದರು. "ದೊಡ್ಡ ಉಪಕಾರ ಆಯ್ತಮ್ಮ."

"ಯಾವುದಕ್ಕೆ?"

"ಕೂತಿದ್ದಕ್ಕೆ."

ಠಾಣೆಗೆ ಮರಳಿದ ಮೇಲೆ, 1.40ರಿಂದ 2.30ರವರೆಗೆ ಏನು ಮಾಡಿದೆವೆಂದು ಡೈರಿಯಲ್ಲಿ ಬರೆಯಬೇಕಿತ್ತು. ಇನ್ಸ್‌ಪೆಕ್ಟರಮ್ಮ ಪೆನ್ನು ಎತ್ತಿಕೊಂಡರು. 'ಆರೋಪಿಯ ಅಕ್ಕನ ಆರೋಗ್ಯ ವಿಚಾರಿಸಲಾಯಿತು' ಎಂದು ಬರೆದರು.