ಬೆಂಕಿ ರೇಖೆ

ಮಾರ್ಚ್ ಹದಿನಾಲ್ಕು, ಬೆಳಿಗ್ಗೆ ಏಳು ನಲವತ್ತು. ಕಾಡಂಚಿನ ಲಾಡ್ಜಿನ ಮಾಲೀಕ ಠಾಣೆಯ ಬಾಗಿಲಲ್ಲೇ ಕೂಗಾಡತೊಡಗಿದ. ಅವನ ಬೇಲಿಗೆ ಕರೆಂಟು ಹರಿಸುವ ಯಂತ್ರಗಳಿದ್ದ ಶೆಡ್ಡಿಗೆ ಯಾರೋ ಬೆಂಕಿಯಿಟ್ಟಿದ್ದರು.

"ಎಫ್‌ಐಆರ್ ಮಾಡ್ತೀರೋ, ಮೇಲಿನವರಿಗೆ ಫೋನ್ ಮಾಡ್ಲೋ?"

ಮೇಲಿನವರ ಫೋನ್ ಆಗಲೇ ಬಂದಿತ್ತು. ಏಳು ಐವತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಹದಿನೈದೇ ನಿಮಿಷ. ಇನ್‌ಸ್ಪೆಕ್ಟರ್ ಗಡಿಯಾರ ನೋಡಿ ಹಲ್ಲು ಕಚ್ಚಿದ. ಅದೇ ಬೇಲಿಯ ಮೇಲಿನ ಇನ್ನೊಂದು ದೂರು ಮೂರು ತಿಂಗಳಿಂದ ಅವನ ಮೇಜಿನ ಖಾನೆಯಲ್ಲಿ ನಂಬರಿಲ್ಲದೆ ಬಿದ್ದಿತ್ತು. ಲೈನಿನ ಕರೆಂಟನ್ನೇ ನೇರವಾಗಿ ಬೇಲಿಗೆ ಕೊಟ್ಟಿದ್ದಾರೆ, ಒಂದು ಆನೆ ಸತ್ತಿದೆ ಎಂದು ವಲಯ ಅರಣ್ಯಾಧಿಕಾರಿ ಬರೆದುಕೊಟ್ಟ ದೂರು. ಸದ್ಯಕ್ಕೆ ಇಟ್ಟುಕೊಂಡಿರಿ ಎಂದಿದ್ದರು ಮೇಲಿನವರು. ಇವನು ಇಟ್ಟುಕೊಂಡಿದ್ದ.

ಒಂಬತ್ತು ಇಪ್ಪತ್ತಕ್ಕೆ ಪಂಚನಾಮೆ ಶುರುವಾಯಿತು. ಶೆಡ್ಡಿನ ತಗಡುಗಳು ಮುದುರಿಕೊಂಡಿದ್ದವು. ಒಳಗಿನ ಯಂತ್ರಗಳು ಕರಿ ಮುದ್ದೆಗಳಾಗಿದ್ದವು. ಯಾರಿಗೂ ಪೆಟ್ಟಾಗಿರಲಿಲ್ಲ, ಅತಿಥಿಗಳೂ ಕೆಲಸದವರೂ ಜೀಪುಗಳಲ್ಲಿ ಕಾಡು ನೋಡಲು ಹೋಗಿದ್ದ ಬೆಳಗಿನ ಆರರ ಹೊತ್ತದು.

ಶೆಡ್ಡಿನ ಹಿಂದೆ, ಕಾಡಿಗೆ ಸೇರುವ ಬದಿಯಲ್ಲಿ, ಒಣಹುಲ್ಲನ್ನು ಹತ್ತಡಿ ಅಗಲಕ್ಕೆ ಬುಡಸಮೇತ ಕೆರೆದು ತೆಗೆದಿದ್ದರು. ಬರಿ ಮಣ್ಣು. ಒಂದು ಎಲೆಯೂ ಇರಲಿಲ್ಲ. ಬೆಂಕಿ ಅಲ್ಲಿಯವರೆಗೆ ಬಂದು ಸತ್ತಿತ್ತು.

"ಬೆಂಕಿ ಹಚ್ಚೋನು ಕಸ ಗುಡಿಸಿ ಹೋಗ್ತಾನಾ ಸಾರ್?" ಎಂದ ಠಾಣೆಯವರೆಲ್ಲ ಮೀಸೆ ಎಂದೇ ಕರೆಯುವ ಹೆಡ್ ಕಾನ್‌ಸ್ಟೆಬಲ್. "ಇಂಥ ಗಂಡು ನನ್ನ ತಂಗಿಗೆ ಸಿಗಲಿಲ್ವಲ್ಲ!"

ಇನ್‌ಸ್ಪೆಕ್ಟರ್ ನಗಲಿಲ್ಲ. ಲಾಡ್ಜಿನ ಮಾಲಿಯನ್ನು ಕರೆದ.

"ಈ ಹುಲ್ಲು ಯಾರು ಕೆರೆದಿದ್ದು?"

"ನಿನ್ನೆ ಸಂಜೆ ಫಾರೆಸ್ಟಿನೋರು ಸಾರ್. ಬೇಸಿಗೇಲಿ ವರ್ಷ ವರ್ಷ ಮಾಡ್ತಾರಲ್ಲ, ಬೆಂಕಿ ರೇಖೆ."

"ಎಷ್ಟು ಜನ?"

"ಒಬ್ರೇ. ದೊಡ್ಡ ಸಾಹೇಬ್ರು. ಅವರ ಕೈಯಲ್ಲೇ ಸಲಿಕೆ! ಆಳುಗಳಿಲ್ವಾ ಸಾರ್ ಅಂದೆ. ಇದು ನನ್ನ ಕೆಲಸ ಕಣಪ್ಪ ಅಂದ್ರು."

ಮಾಲಿ ಹೇಳಿಕೆಗೆ ಹೆಬ್ಬೆಟ್ಟು ಒತ್ತಿದ. ಇನ್‌ಸ್ಪೆಕ್ಟರಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆಂದು ಕೇಳಿದ್ದರೆ ಅವನು ಬಾಯಿ ಬಿಡುತ್ತಿರಲಿಲ್ಲ.

ಹನ್ನೊಂದು ಹತ್ತಕ್ಕೆ ವಲಯ ಕಚೇರಿ. ನಿವೃತ್ತಿಗೆ ಹದಿನೇಳು ದಿನವಿದ್ದ ಅರಣ್ಯಾಧಿಕಾರಿ ಮೂವತ್ತನಾಲ್ಕು ವರ್ಷದ ಕಡತಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ಅಂಗೈಗಳಲ್ಲಿ ಹೊಸ ಬೊಬ್ಬೆಗಳಿದ್ದವು.

"ಬೆಳಿಗ್ಗೆ ಆರಕ್ಕೆ ಎಲ್ಲಿದ್ರಿ?"

"ಶೆಡ್ಡಿನ ಹತ್ರ."

"ಯೋಚಿಸಿ ಹೇಳಿ ಸಾರ್. ಪಿಂಚಣಿ ಹೋಗುತ್ತೆ."

"ಬೇರೆ ಉತ್ತರ ಬೇಕಾ? ನನ್ನತ್ರ ಇಲ್ಲ."

"ಮೂರು ತಿಂಗಳು ಸುಮ್ಮನಿದ್ದವರು ಈಗ್ಯಾಕೆ?"

"ಸುಮ್ಮನಿದ್ನಾ?" ಅವರು ಪೆಟ್ಟಿಗೆಯನ್ನೇ ಇವನತ್ತ ತಳ್ಳಿದರು. "ಹನ್ನೊಂದು ಕಾಗದ ಬರೆದೆ. ಡೊಂಕುಬಾಲ ಸತ್ತ ದಿನ ನಿಮ್ಮ ಠಾಣೆಗೇ ಬಂದೆ. ಮರಿ ಇದ್ದಾಗಿಂದ ನೋಡಿದ ಆನೆ ಅದು. ಆಗ ಬೇಲಿ ಕರೆಂಟು ಆರಿಸಿದ್ರು, ಮೊನ್ನೆ ಮತ್ತೆ ಹಾಕಿದ್ರು. ಅದೇ ದಾರೀಲಿ ಈಗ ಒಂದು ಹೆಣ್ಣಾನೆ ಮರಿ ಕಟ್ಟಿಕೊಂಡು ಓಡಾಡ್ತಿದೆ. ಹನ್ನೆರಡನೇ ಕಾಗದ ಯಾರಿಗೆ ಬರೀಲಿ? ನೀವೇ ಹೇಳಿ."

ಇನ್‌ಸ್ಪೆಕ್ಟರ್ ಮುಖ ತಿರುಗಿಸಿದ. ಗೋಡೆಯ ನಕ್ಷೆಯಲ್ಲಿ ಆನೆಗಳು ನಡೆಯುವ ದಾರಿಗೆ ಹಸಿರು ದಾರ ಅಂಟಿಸಿದ್ದರು. ಲಾಡ್ಜಿನ ಹತ್ತಿರ ಅದು ತುಂಡಾಗಿತ್ತು.

"ರೇಖೆ ಎಳೆಯದೇ ಇದ್ದಿದ್ರೆ ನೀವು ಸಿಗ್ತಿರಲಿಲ್ಲ."

"ಆಚೆ ಕಾಡಿತ್ತಲ್ಲಪ್ಪ," ಎಂದರು ಅವರು, ಇದೂ ಒಂದು ಮಾತೇ ಎನ್ನುವ ಹಾಗೆ. ಆಮೇಲೆ ಮನೆಗೆ ಫೋನ್ ಮಾಡಿ ಹೆಂಡತಿಗೆ ಊಟಕ್ಕೆ ಕಾಯಬೇಡ ಎಂದರು.

ಹನ್ನೆರಡು ಐದಕ್ಕೆ ಬಂಧನ. ಮೀಸೆ ಕೋಳ ತೆಗೆಯಲು ಹೋದ. ಇನ್‌ಸ್ಪೆಕ್ಟರ್ ಅವನ ಕೈ ಹಿಡಿದ.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೇಸ್ ಡೈರಿ ಬರೆಯಲು ತಾನೇ ಕೂತ. ಕೃತ್ಯದ ಉದ್ದೇಶ ಬರೆಯುವ ಜಾಗಕ್ಕೆ ಬಂದ. ಅಲ್ಲಿ ಬರೆದ: 'ಬೇಲಿಯಿಂದ ಆನೆ ಸತ್ತ ಬಗ್ಗೆ ಆರೋಪಿಯು ಡಿಸೆಂಬರ್ ಹದಿಮೂರರಂದು ಇದೇ ಠಾಣೆಗೆ ದೂರು ನೀಡಿದ್ದರು. ಅದನ್ನು ನಾನು ದಾಖಲಿಸಿರಲಿಲ್ಲ.'

ಹೆಗಲ ಮೇಲಿಂದ ಓದಿದ ಮೀಸೆ ಪಿಸುಗುಟ್ಟಿದ. "ಸಾರ್, ಇದರಲ್ಲಿ ನೀವೇ ಸಿಕ್ಕಾಕ್ಕೋತೀರಾ."

ಇನ್‌ಸ್ಪೆಕ್ಟರ್ ಖಾನೆಯೆಳೆದು ಹಳೆಯ ಕಾಗದ ಮೇಜಿನ ಮೇಲಿಟ್ಟ.

"ಇದಕ್ಕೂ ಎಫ್‌ಐಆರ್ ನಂಬರ್ ಹಾಕು. ಟೈಮೂ ಬರಿ."