ಚೌಕಗಳು ಅಕ್ಷರಗಳಾದ ಮಧ್ಯಾಹ್ನ

ಭಾವ ತೀರಿಕೊಂಡ ಮೇಲೆ ಅಕ್ಕ ಮಾತು ಬಿಟ್ಟಿದ್ದಳು. ಭಾವ ಅನುವಾದಕರು. ರಿಪೇರಿಯಾಗಿ ಬಂದ ಅವರ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಅವರು ಬರೆದಿಟ್ಟ ಪರಭಾಷೆಯ ಬರಹವೆಲ್ಲ ಬರೀ ಚೌಕಗಳಾಗಿತ್ತು. ಒಂದು ಮಧ್ಯಾಹ್ನ ನಾನು, ರಿಪೇರಿಯಲ್ಲಿ ಅಳಿಸಿಹೋಗಿದ್ದ ಆ ಭಾಷೆಯ ಫಾಂಟ್ ಹಾಕಿದೆ. ಚೌಕಗಳು ಮೊಗ್ಗು ಬಿರಿದಂತೆ ಮೆಲ್ಲಗೆ ಅಕ್ಷರಗಳಾದವು. ಮೇಜಿನ ಮೇಲೆ ಬಿಸಿಲು ಬಿದ್ದಿದ್ದರೂ ಕೀಬೋರ್ಡಿನ ಕೀಲಿಗಳು ತಣ್ಣಗೆ ಕೊರೆಯುತ್ತಿದ್ದವು.

ನೀರು ಕುಡಿದು ಬರುವಷ್ಟರಲ್ಲಿ ಅಕ್ಕ ಅಲ್ಲಿ ಕುಳಿತು ಆ ಲಿಪಿಯಲ್ಲೇ ಸರಸರನೆ ಟೈಪ್ ಮಾಡುತ್ತಿದ್ದಳು. ಆ ಭಾಷೆಯ ಒಂದಕ್ಷರವೂ ಅವಳಿಗೆ ಬಾರದು.

"ಏನಕ್ಕಾ ಬರೀತಿದ್ದೀಯಾ?"

"ಊಟ ಆಯ್ತಾ ಅಂತ ಕೇಳ್ತಿದ್ದಾರೆ ಕಣೋ. ಆಯ್ತು ಅಂತಿದ್ದೀನಿ," ಎಂದು ನಾಚಿ ನಕ್ಕಳು.

ಅವಳ ದನಿ ಕೇಳಿ ನನ್ನ ಕಣ್ಣು ತುಂಬಿತು. ಆಮೇಲೆ ನೆನಪಾಯಿತು. ನಾನು ಹಾಕಿದ್ದು ಅಕ್ಷರಗಳನ್ನು ತೋರಿಸುವ ಫಾಂಟ್ ಮಾತ್ರ. ಅವನ್ನು ಟೈಪ್ ಮಾಡಲು ಬೇಕಾದ ಕೀಬೋರ್ಡ್ ವಿನ್ಯಾಸವನ್ನು ಇನ್ನೂ ಹಾಕಿಯೇ ಇರಲಿಲ್ಲ.