ಹಗಲಿನ ನೇರಳೆ

ಕಂದು ಎಂದವರು ಒಬ್ಬಿಬ್ಬರಲ್ಲವಲ್ಲ?

ಚಿತ್ರಪ್ರದರ್ಶನದ ನೂಕುನುಗ್ಗಲಲ್ಲಿ ನಿಂತು ಇನ್ಸ್‌ಪೆಕ್ಟರ್ ಬ್ಯೂರೆಲ್ ಅದನ್ನೇ ಮೆಲುಕು ಹಾಕುತ್ತಿದ್ದ. ಕಾರ್ನಿವಲ್ ನೃತ್ಯಕೂಟದಲ್ಲಿ ಲಿಯೋನಿ ಸವಾರ್ ತೊಟ್ಟಿದ್ದ ರೇಷ್ಮೆ ಗೌನು ಒಣ ಹೊಗೆಸೊಪ್ಪಿನ ಬಣ್ಣದ್ದು ಎಂದು ಕಂಡವರೆಲ್ಲ ಹೇಳಿದ್ದರು. ಎದುರಿನ ಚಿತ್ರದಲ್ಲಿ ಲಿಯೋನಿ ಕಿಟಕಿಯ ಪಕ್ಕ ನಿಂತು ಕೈಗವಸು ಬಿಚ್ಚುತ್ತಿದ್ದಳು. ಅದೇ ಗೌನು, ಅದೇ ಕಪ್ಪು ಗೊಂಡೆಗಳು. ಬಣ್ಣ ಮಾತ್ರ ನೇರಳೆ.

ಆ ನೃತ್ಯದಿಂದ ಅವಳು ಮನೆಗೆ ಮರಳಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಾಲುವೆಯಲ್ಲಿ ಹೆಣ ಸಿಕ್ಕಿತು. ಮೈಮೇಲೆ ಬರೀ ಒಳಲಂಗ, ಗೌನು ಮಾಯ. ಕತ್ತಿನಲ್ಲಿ ಬೆರಳಿನ ಗುರುತು. ಸೇವಕಿ ಪೆರಿನ್‌ಳ ಪೆಟ್ಟಿಗೆಯಲ್ಲಿ ಒಡತಿಯ ಚಿನ್ನದ ಪಿನ್ನು ಸಿಕ್ಕಿತು. 'ಅಮ್ಮಾವ್ರೇ ಕೊಟ್ಟದ್ದು' ಎಂದಳು. ಯಾರೂ ನಂಬಲಿಲ್ಲ. ಗೌನಿನ ಆಸೆಗೆ ಕೊಂದಳು ಎಂದು ಊರೇ ತೀರ್ಪು ಕೊಟ್ಟಾಗಿತ್ತು. ಮುಂದಿನ ವಾರ ವಿಚಾರಣೆ. ಆಮೇಲೆ ಗಿಲೊಟಿನ್‌ಗೆ ತಲೆ.

"ಬೇರು ಬಿಟ್ರಾ ಸಾರ್?" ಹವಾಲ್ದಾರ ಪೂಜೋಲ್ ಗೊಣಗಿದ. "ನನ್ನ ಬೂಟಿನ ಮೇಲೆ ಇಬ್ರು ಕೌಂಟೆಸ್‌ಗಳು ಹತ್ತಿ ಇಳಿದಾಯ್ತು."

"ಇದ್ಯಾವ ಬಣ್ಣ?"

"ನೇರಳೆ. ಬಿಷಪ್ಪರ ನಿಲುವಂಗಿ ಥರ."

"ನೋಡಿದೋರೆಲ್ಲ ಕಂದು ಅಂದ್ರಲ್ಲಯ್ಯಾ."

"ಕುಡಿದಿರ್ತಾರೆ ಬಿಡಿ."

ಬ್ಯೂರೆಲ್‌ಗೆ ನಗುವಷ್ಟೂ ತ್ರಾಣವಿರಲಿಲ್ಲ.

* * *

ಗೌನು ಹೊಲಿದಿದ್ದ ಮದಾಂ ಓಬ್ರಿಯ ಅಂಗಡಿಯಲ್ಲಿ ಕಿಟಕಿಯಿಲ್ಲದ ಕೋಣೆಯೊಂದಿತ್ತು. ಒಳಗೆ ಗ್ಯಾಸ್ ದೀಪಗಳು. ನೃತ್ಯಕ್ಕೆ ಹೋಗುವ ಹೆಂಗಸರು ಬಣ್ಣ ನೋಡುತ್ತಿದ್ದುದು ಅಲ್ಲೇ. ಆಕೆ ಉಳಿದಿದ್ದ ರೇಷ್ಮೆಯ ತುಂಡನ್ನು ದೀಪಕ್ಕೆ ಹಿಡಿದಳು. ಕಂದು. ಹೊರಗೆ ತಂದಳು. ನೇರಳೆ.

"ಗ್ಯಾಸ್ ಬೆಳಕಲ್ಲಿ ಈ ಬಣ್ಣ ಸತ್ತೋಗುತ್ತೆ ಸಾಹೇಬ್ರೇ. ಬೇಡಮ್ಮಾ ಅಂತ ಬಡ್ಕೊಂಡೆ. ನಕ್ಕುಬಿಟ್ಳು ಮಹಾತಾಯಿ."

"ಹಗಲಲ್ಲಿ ಇದನ್ನ ನೋಡಿದೋರು ಯಾರು?"

"ನಾನು, ನನ್ನ ಹುಡುಗೀರು. ನೃತ್ಯದ ದಿನ ಕತ್ತಲಾದ್ಮೇಲೇ ಪೆಟ್ಟಿಗೇಲಿಟ್ಟು ಕಳಿಸಿದ್ದು."

* * *

ಲಿಯೋನಿಯ ಚಿತ್ರ ಬರೆದಿದ್ದ ವಾರ್ನಿಯೆ ತನ್ನ ಚಿತ್ರಶಾಲೆಯಲ್ಲಿ ಅಭಿನಂದನೆಗಳ ನಡುವೆ ಕುಳಿತಿದ್ದ. ಬ್ಯೂರೆಲ್ ಪೂಜೋಲ್‌ನೊಂದಿಗೆ ಬಂದದ್ದೂ ಹೊಗಳುವುದಕ್ಕೇ ಎಂದುಕೊಂಡ.

"ನೃತ್ಯ ಆದ್ಮೇಲೆ ಲಿಯೋನಿಯವರನ್ನ ನೋಡಲೇ ಇಲ್ಲ ಅಂದಿದ್ರಿ."

"ಇಲ್ಲ. ನೆನಪಿಂದ ಬರೆದೆ."

"ಸ್ವಲ್ಪ ಕಲ್ಪನೆನೂ ಸೇರಿಸಿರ್ತೀರಿ."

ಅವನ ಮುಖ ಕೆಂಪಾಯಿತು. "ಕಲ್ಪನೆ ಬೇಕಾಗೋದು ದೇವತೆಗಳನ್ನ ಬರೆಯೋ ಮುದುಕರಿಗೆ. ನಾನು ಬರೆಯೋದು ಈ ಊರನ್ನ, ಇವತ್ತನ್ನ. ಕಣ್ಣಾರೆ ಕಾಣದ ಒಂದು ಗೆರೆನೂ ಎಳೆಯೋನಲ್ಲ."

"ಸರಿ. ಕೂಟದಲ್ಲಿ ಇದ್ದದ್ದು ಗ್ಯಾಸ್ ದೀಪ. ಅಲ್ಲಿ ಗೌನು ಎಲ್ಲರಿಗೂ ಕಂದು. ನಿಮಗೊಬ್ಬರಿಗೇ ನೇರಳೆ. ಅದನ್ನ ಮೊದಲ ಸಲ ತೊಟ್ಟದ್ದೇ ಆ ರಾತ್ರಿ. ಅದರ ನಿಜವಾದ ಬಣ್ಣ ಕಾಣೋಕೆ ಬೆಳಗಾಗಬೇಕಿತ್ತು. ಆ ಬೆಳಿಗ್ಗೆ ಅವರು ಎಲ್ಲಿದ್ರು, ವಾರ್ನಿಯೆ?"

ಪೂಜೋಲ್ ಮೂಲೆಯ ಪರದೆ ಸರಿಸಿದ. ಬಟ್ಟೆ ತೊಡಿಸಿಟ್ಟು ನೆರಿಗೆ ನೋಡಿ ಬರೆಯುವ ಮರದ ಆಳೆತ್ತರದ ಬೊಂಬೆ. ಅದರ ಮೇಲೆ ನೇರಳೆ ಗೌನು.

"ಸುಟ್ಟು ಹಾಕ್ಬಾರ್ದಿತ್ತೇನಯ್ಯಾ?" ಪೂಜೋಲ್ ತಡೆಯಲಾರದೆ ಕೇಳಿದ.

"ನೆರಿಗೆ ಇನ್ನೂ ಸರಿಬಂದಿಲ್ಲ," ಎಂದ ವಾರ್ನಿಯೆ.

ಉಳಿದದ್ದನ್ನು ಕೇಳದೆಯೇ ಹೇಳಿದ. ಕೂಟ ಮುಗಿಸಿ ಲಿಯೋನಿ ನೇರ ಇಲ್ಲಿಗೆ ಬಂದಿದ್ದಳು. ಕಿಟಕಿಯ ಬಳಿ ನಿಂತಳು, ಇವನು ಬರೆದ. ಮಧ್ಯಾಹ್ನದ ಹೊತ್ತಿಗೆ, ತಾನು ಮದುವೆಯಾಗುತ್ತಿದ್ದೇನೆ, ಚಿತ್ರ ಪ್ರದರ್ಶನಕ್ಕೆ ಹೋಗಕೂಡದು, ಹರಿದುಹಾಕು ಎಂದಳು. ಚಾಕು ತಾನೇ ಎತ್ತಿಕೊಂಡಳು. ಅವನು ಚಿತ್ರವನ್ನು ಉಳಿಸಿಕೊಂಡ. ಕತ್ತಲಾದ ಮೇಲೆ ಹೆಣವನ್ನು ಬಾಡಿಗೆ ಕೈಗಾಡಿಯಲ್ಲಿ ಕಾಲುವೆಗೆ ಒಯ್ದ.

* * *

ಜೈಲಿನ ಬಾಗಿಲಲ್ಲಿ ಪೆರಿನ್ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಳು. ಮೊದಲಿಗಿಂತ ಅರ್ಧದಷ್ಟಾಗಿದ್ದಳು.

"ಗೌನು ಯಾವ ಬಣ್ಣದ್ದು ಸಾಹೇಬ್ರೇ? ನಾನು ದೀಪದ ಬೆಳಕಲ್ಲಿ ಗುಂಡಿ ಹಾಕ್ಕೊಟ್ಟೆ, ಅಷ್ಟೆ."

"ನೇರಳೆ."

"ಅಮ್ಮಾವ್ರಿಗೆ ಒಪ್ತಿತ್ತಾ? ಚಿತ್ರದಲ್ಲಿ ಹೆಂಗಿದಾರೆ?"

"ಅದನ್ನ ಗೋಡೆಯಿಂದ ಇಳಿಸಿಬಿಟ್ಟಿದಾರೆ. ಮನೆಗೆ ಹೋಗಮ್ಮ."

ಅವಳು ಹೋದಳು. ತಾನು ಬದುಕಿನಲ್ಲಿ ಕಂಡ ಚಿತ್ರಗಳಲ್ಲೆಲ್ಲ ಅದೇ ಅತ್ಯಂತ ಸುಂದರವಾದದ್ದು ಎಂದು ಬ್ಯೂರೆಲ್ ಅವಳಿಗೆ ಹೇಳಲಿಲ್ಲ. ಬೇರೆ ಯಾರಿಗೂ ಹೇಳಲಿಲ್ಲ.